ಪೋಲೀಸೋ, ಮಿಲಿಟರಿಯೋ?

ಒಂದು ದಿನ ಸಂಜೆ ನಾವು ಅಂಗಡಿಯಲ್ಲಿ ಕಿರ್ದಿ ಬರೆಯುತ್ತ ಕುಳಿತಿದ್ದಾಗ, ಸಂಬಂಧದಲ್ಲಿ ನಮಗೆ ತಂಗಿಯಾಗಬೇಕಾದವಳು ತನ್ನ ಮಗನನ್ನು ಕರೆದುಕೊಂಡು ಬಂದಳು. ಹುಡುಗನ ಕೈಯಲ್ಲಿ ಒಂದು ಸರಕಾರಿ ಕಾಗದ, ಮುಖದಲ್ಲಿ ಸಂತೋಷ. ತಾಯಿಯ ಮುಖ ಮಾತ್ರ ಬಾಡಿತ್ತು.

“ಅಣ್ಣಾ, ಇದು ಪೋಲೀಸ ನೌಕರಿ ಐತೋ, ಮಿಲ್ಟ್ರಿ ನೌಕರಿ ಐತೋ ನೋಡಿ ಹೇಳು. ಮಿಲ್ಟ್ರಿ ಆದರ ನಾ ಕಳಸೂದಿಲ್ಲ” ಎಂದಳು.

ನಾವು ಚಾಳೀಸು ಏರಿಸಿ ಓದಿದೆವು. ಕೇಂದ್ರೀಯ ಔದ್ಯೋಗಿಕ ಸುರಕ್ಷಾ ಬಲ, ಅಂದರೆ ಸಿ.ಐ.ಎಸ್.ಎಫ್.ನಲ್ಲಿ ಕಾನಸ್ಟೇಬಲ್ ಹುದ್ದೆ. ಅಂಗಡಿಗೆ ಬಂದವರೆಲ್ಲ ನಮ್ಮನ್ನು ನಾಲ್ಕು ಅಕ್ಷರ ಬಲ್ಲವರೆಂದು ತಿಳಿಯುತ್ತಾರೆ. ಆ ಅಭಿಮಾನದಲ್ಲಿ ಹಿಂದೆ ಮುಂದೆ ನೋಡದೆ “ಇದೂ ಮಿಲಿಟರಿಯ ಒಂದು ಶಾಖೆಯೇ” ಎಂದು ಹೇಳಿಬಿಟ್ಟೆವು. ತಂಗಿ ಅಲ್ಲೇ ಕಣ್ಣೀರು ಹಾಕಿದಳು. ಹುಡುಗ “ಮಾಮಾ, ಇದು ಮಿಲ್ಟ್ರಿ ಅಲ್ಲರೀ, ಗೃಹ ಖಾತೆಯದು” ಎಂದು ಮೆಲ್ಲಗೆ ಹೇಳಿದ. ನಾವು ಅವನ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಮರುದಿನ ವಿಚಾರಿಸಿದಾಗ ಹುಡುಗನ ಮಾತೇ ನಿಜವಾಗಿತ್ತು. ಮೆಟ್ರಿಕ್ ಪಾಸಾಗಿ ನಲವತ್ತೈದು ವರ್ಷಗಳಿಗೂ ಮೇಲಾಯಿತು. ನಮ್ಮನ್ನು ಕಾಯುವವರು ಯಾರು, ಅವರು ಯಾರ ಕೈಕೆಳಗೆ ಇದ್ದಾರೆ ಎಂಬುದು ನಮಗೇ ಗೊತ್ತಿರಲಿಲ್ಲ. ನಾಚಿಕೆಯಾಯಿತು. ಊರಿನ ನಿವೃತ್ತ ಸುಭೇದಾರರೊಬ್ಬರನ್ನು, ಜತ್ತದ ವಕೀಲರೊಬ್ಬರನ್ನು ಕೇಳಿ, ಒಂದಿಷ್ಟು ಓದಿ ತಿಳಿದುಕೊಂಡದ್ದನ್ನು ವಾಚಕರ ಮುಂದೆ ಇಡುತ್ತಿದ್ದೇವೆ. ವ್ಯಾಪಾರಸ್ಥರ ಮನೆಗಳಲ್ಲಿ ನಮ್ಮಂಥ ಅಜ್ಞಾನಿಗಳು ಇನ್ನೂ ಇರಬಹುದು.

ಮೊದಲು ಮುಖ್ಯವಾದ ಮಾತು. ದೇಶಕ್ಕೆಲ್ಲ ಸೈನ್ಯ ಒಂದೇ, ಪೋಲೀಸರು ಮಾತ್ರ ರಾಜ್ಯಕ್ಕೊಂದು. ಸಂವಿಧಾನದ ಏಳನೆಯ ಅನುಸೂಚಿಯಲ್ಲಿ ಕೇಂದ್ರದ ಕೆಲಸ ಯಾವುದು, ರಾಜ್ಯದ ಕೆಲಸ ಯಾವುದು ಎಂದು ಪಟ್ಟಿ ಮಾಡಿದ್ದಾರೆ. ಸಾರ್ವಜನಿಕ ಶಾಂತಿ ಮತ್ತು ಪೋಲೀಸ್ ಇವೆರಡೂ ರಾಜ್ಯದ ಪಟ್ಟಿಯಲ್ಲಿವೆ. ದೇಶದ ರಕ್ಷಣೆ ಕೇಂದ್ರದ್ದು. ಆದುದರಿಂದ ನಮ್ಮ ಸಂತೆಯಲ್ಲಿ ಕುರಿ ಕಳುವಾದರೆ ದಿಲ್ಲಿಗೆ ಸಂಬಂಧವಿಲ್ಲ, ಅದು ಮಹಾರಾಷ್ಟ್ರ ಪೋಲೀಸರ ಕೆಲಸ. (ಮಾಡಗ್ಯಾಳದ ಕುರಿ ಎಂದರೆ ಸಣ್ಣ ಆಸ್ತಿಯಲ್ಲ ಎಂಬುದು ನಮ್ಮ ಕಡೆಯವರಿಗೆ ಹೇಳಬೇಕಿಲ್ಲ.) ದಿಲ್ಲಿ ಶಹರದ ಪೋಲೀಸರು ಮಾತ್ರ ನೇರವಾಗಿ ಕೇಂದ್ರದ ಗೃಹ ಖಾತೆಗೆ ಸೇರಿದವರು.

ಪೋಲೀಸ್ ಖಾತೆಯ ಈಗಿನ ಕಟ್ಟು ಬಹಳ ಮಟ್ಟಿಗೆ ಇಂಗ್ಲೀಷರದು. 1857ರ ದಂಗೆಯ ನಂತರ 1861ರಲ್ಲಿ ಅವರು ಪೋಲೀಸ್ ಕಾಯ್ದೆ ತಂದರು. ಜನರ ಸೇವೆಗಿಂತ ಜನರನ್ನು ಹದ್ದುಬಸ್ತಿನಲ್ಲಿ ಇಡುವುದೇ ಅದರ ಉದ್ದೇಶವಾಗಿತ್ತು. ಸ್ವಾತಂತ್ರ್ಯಾನಂತರ ಮುಂಬಯಿ ರಾಜ್ಯ 1951ರಲ್ಲಿ ತನ್ನದೇ ಕಾಯ್ದೆ ಮಾಡಿತು, ಈಗ ಅದಕ್ಕೆ ಮಹಾರಾಷ್ಟ್ರ ಪೋಲೀಸ್ ಕಾಯ್ದೆ ಎನ್ನುತ್ತಾರೆ. ಕರ್ನಾಟಕದ್ದು 1963ರ ಕಾಯ್ದೆ. ನಮ್ಮ ಜತ್ತವಂತೂ 1948ರವರೆಗೆ ಡಫಳೆ ಮನೆತನದ ಸಂಸ್ಥಾನ. ವಿಲೀನವಾದ ಮೇಲೆ ನಾವು ದಕ್ಷಿಣ ಸಾತಾರಾ ಜಿಲ್ಲೆಯವರಾದೆವು, 1960ರಲ್ಲಿ ಆ ಜಿಲ್ಲೆಗೆ ಸಾಂಗಲಿ ಎಂದು ಹೆಸರಾಯಿತು.

ಈಗ ಕೆಳಗಿನಿಂದ ಮೇಲಕ್ಕೆ ನೋಡೋಣ. ಮಹಾರಾಷ್ಟ್ರದ ಹಳ್ಳಿಗಳಲ್ಲಿ ಮೊದಲು ಸಿಗುವವನು ಪೋಲೀಸ ಪಾಟೀಲ. ಹಿಂದೆ ಇದು ವಂಶಪರಂಪರೆಯ ವತನವಾಗಿತ್ತು. 1967ರ ಗ್ರಾಮ ಪೋಲೀಸ್ ಕಾಯ್ದೆ ಬಂದ ಮೇಲೆ ಸರಕಾರ ಆರಿಸಿ ನೇಮಿಸುತ್ತದೆ, ತಿಂಗಳಿಗೆ ಮಾನಧನ ಕೊಡುತ್ತದೆ. ಆತ ಸಮವಸ್ತ್ರದ ಪೋಲೀಸನಲ್ಲ. ಊರಲ್ಲಿ ಕಳವು, ಹೊಡೆದಾಟ, ಅನುಮಾನದ ಸಾವು ಆದರೆ ಠಾಣೆಗೂ ಮ್ಯಾಜಿಸ್ಟ್ರೇಟರಿಗೂ ಸುದ್ದಿ ಮುಟ್ಟಿಸುವುದು ಆತನ ಹೊಣೆ. ಗಡಿಯ ಆಚೆ ಕರ್ನಾಟಕದಲ್ಲಿ ಈ ಪದ್ಧತಿ ಉಳಿದಿಲ್ಲ. ಅಲ್ಲಿ ಗೌಡಕಿ, ಕುಲಕರ್ಣಿಕಿಗಳನ್ನು 1961ರ ಕಾಯ್ದೆಯಿಂದ ತೆಗೆದುಹಾಕಿದರು. ಹಳ್ಳಿಗೆ ಬೀಟಿನ ಪೋಲೀಸನೇ ಬರಬೇಕು.

ಪಾಟೀಲನ ಮೇಲೆ ಠಾಣೆ. ನಮ್ಮ ತಾಲೂಕಿಗೆ ಜತ್ತ ಮತ್ತು ಉಮದಿ ಠಾಣೆಗಳು. ಠಾಣೆಯಲ್ಲಿ ಶಿಪಾಯಿ, ಹವಾಲ್ದಾರ, ಸಹಾಯಕ ಫೌಜದಾರ, ಫೌಜದಾರ, ಅವರ ಮೇಲೆ ಇನಸ್ಪೆಕ್ಟರ್. ಫೌಜದಾರನಿಗೂ ಇನಸ್ಪೆಕ್ಟರನಿಗೂ ನಡುವೆ ಎ.ಪಿ.ಐ. ಎಂಬ ಇನ್ನೊಂದು ಮೆಟ್ಟಿಲು ಮಹಾರಾಷ್ಟ್ರದಲ್ಲಿದೆ, ಕರ್ನಾಟಕದಲ್ಲಿಲ್ಲ. ಠಾಣೆಗಳ ಮೇಲೆ ಜತ್ತದ ಉಪವಿಭಾಗಕ್ಕೆ ಡಿ.ವೈ.ಎಸ್.ಪಿ., ಜಿಲ್ಲೆಗೆ ಸಾಂಗಲಿಯಲ್ಲಿ ಎಸ್.ಪಿ., ಹಲವು ಜಿಲ್ಲೆಗಳಿಗೆ ಸೇರಿ ಕೊಲ್ಹಾಪುರದಲ್ಲಿ ಐ.ಜಿ., ಎಲ್ಲರ ಮೇಲೆ ಮುಂಬಯಿಯಲ್ಲಿ ಡಿ.ಜಿ. ವಿಜಯಪುರದವರಿಗೆ ಐ.ಜಿ. ಬೆಳಗಾವಿಯಲ್ಲಿ, ಡಿ.ಜಿ. ಬೆಂಗಳೂರಿನಲ್ಲಿ. ಮುಂಬಯಿ, ಪುಣೆ, ಸೊಲ್ಲಾಪುರ, ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ಬೆಳಗಾವಿಯಂಥ ಶಹರಗಳಿಗೆ ಎಸ್.ಪಿ. ಬದಲು ಕಮಿಶನರ್ ಇರುತ್ತಾರೆ. ಇದಲ್ಲದೆ ಗಲಭೆ, ಚುನಾವಣೆ, ಬಂದೋಬಸ್ತಿಗೆಂದು ಪ್ರತಿ ರಾಜ್ಯಕ್ಕೂ ಸಶಸ್ತ್ರ ಪಡೆಯಿದೆ. ಮಹಾರಾಷ್ಟ್ರಕ್ಕೆ ಎಸ್.ಆರ್.ಪಿ.ಎಫ್., ಕರ್ನಾಟಕಕ್ಕೆ ಕೆ.ಎಸ್.ಆರ್.ಪಿ. ಇವರು ಠಾಣೆಯಲ್ಲಿ ಕುಳಿತು ಫಿರ್ಯಾದಿ ತೆಗೆದುಕೊಳ್ಳುವವರಲ್ಲ.

ಪೋಲೀಸರು ರಾಜ್ಯಕ್ಕೊಂದು ಎಂಬುದು ಪುಸ್ತಕದಲ್ಲಿ ಒಂದು ಸಾಲು. ಗಡಿಯಲ್ಲಿ ವ್ಯಾಪಾರ ಮಾಡುವವನಿಗೆ ಅದು ಏನೆಂಬುದು ನಮಗೆ 2014ರ ಮಳೆಗಾಲದಲ್ಲಿ ತಿಳಿಯಿತು.

ವಿಜಯಪುರದ ಮಾರ್ಕೆಟ್ಟಿನಿಂದ ನಮ್ಮ ತೊಗರಿಬೇಳೆ ಟೆಂಪೋದಲ್ಲಿ ಬರುತ್ತಿತ್ತು. ರಾತ್ರಿ ಗಡಿಯ ಹತ್ತಿರ ಟೈರು ಒಡೆಯಿತು. ಸ್ಟೆಪ್ನಿಯಲ್ಲೂ ಗಾಳಿಯಿಲ್ಲ. ಡ್ರಾಯವ್ಹರ ಒಬ್ಬನೇ, ಗಾಲಿ ಬಿಚ್ಚಿಕೊಂಡು ಪಂಕ್ಚರ್ ಅಂಗಡಿ ಹುಡುಕುತ್ತ ಹೋದ. ತಿರುಗಿ ಬರುವುದರಲ್ಲಿ ಹಗ್ಗ ಕೊಯ್ದು ಹನ್ನೊಂದು ಚೀಲ ಇಳಿಸಿಕೊಂಡು ಹೋಗಿದ್ದರು. ಬೆಳಿಗ್ಗೆ ನಾವು ಈಚೆಯ ಠಾಣೆಗೆ ಹೋದೆವು. “ಸಾವಕಾರ್ರ, ಟೆಂಪೋ ನಿಂತ ಜಾಗಾ ಆಚೆ ಬರ್ತೈತಿ. ಇದು ನಮ್ಮ ಹದ್ದಿ ಅಲ್ಲರೀ” ಎಂದರು. ಆಚೆಯ ಠಾಣೆಗೆ ಹೋದೆವು. “ಮಾಲು ನಿಮ್ಮದು, ಗಾಡಿ ನಿಮ್ಮದು, ನಿಂತದ್ದೂ ನಿಮ್ಮ ಕಡೆಗೇ. ಅಲ್ಲೇ ಕೊಡ್ರಿ” ಎಂದು ಚಹಾ ಕುಡಿಸಿ ಕಳಿಸಿದರು. ಹೀಗೆ ಎರಡು ದಿನ, ನಾಲ್ಕು ಸಲ. ಗಡಿಯ ಕಲ್ಲು ಎಲ್ಲಿದೆ ಎಂದು ನಾವೇ ಹೊಲ ಹೊಲ ತಿರುಗಿ ನೋಡಿದೆವು. ಕೊನೆಗೆ ವಕೀಲರ ಮಾತಿನಂತೆ ಎಸ್.ಪಿ. ಸಾಹೇಬರಿಗೆ ರಜಿಸ್ಟರ್ ಟಪಾಲಿನಲ್ಲಿ ಅರ್ಜಿ ಹಾಕಿದ ಮೇಲೆ ಫಿರ್ಯಾದಿ ದಾಖಲಾಯಿತು. ಅಷ್ಟರಲ್ಲಿ ಬೇಳೆ ಯಾವ ಊರಿನ ಯಾವ ಅಂಗಡಿಯಲ್ಲಿ ಮಾರಾಟವಾಯಿತೋ! ಫಿರ್ಯಾದಿ ತಡವಾಯಿತೆಂದು ವಿಮೆಯವರೂ ತಕರಾರು ತೆಗೆದರು. ಹಣ ಬರಲಿಲ್ಲ.

ಆಗ ನಮಗೆ ಗೊತ್ತಿರದ ಎರಡು ಸಂಗತಿಗಳಿದ್ದವು. ಒಂದು, ಪ್ರಯಾಣದಲ್ಲಿರುವ ಮಾಲಿನ ಮೇಲೆ ಅಪರಾಧವಾದರೆ ಆ ಮಾಲು ಹಾದುಹೋದ ದಾರಿಯಲ್ಲಿನ ಯಾವ ಕೋರ್ಟಿನಲ್ಲಾದರೂ ವಿಚಾರಣೆ ನಡೆಸಬಹುದೆಂದು ಹಳೆಯ ಕಾಯ್ದೆಯಲ್ಲೇ ಬರೆದಿತ್ತು. ಎಂದ ಮೇಲೆ ಕಲ್ಲು ಹುಡುಕುವ ಅವಶ್ಯಕತೆಯೇ ಇರಲಿಲ್ಲ. ಎರಡು, ಗಂಭೀರ ಅಪರಾಧದ ಸುದ್ದಿ ಬಂದರೆ ಎಫ್.ಐ.ಆರ್. ದಾಖಲಿಸಲೇಬೇಕೆಂದು ಲಲಿತಾ ಕುಮಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ನವೆಂಬರ್ 2013ರಲ್ಲಿಯೇ ಹೇಳಿತ್ತು. ಕಳವು ಅಂಥ ಅಪರಾಧವೇ. ಕಾಯ್ದೆ ನಮ್ಮ ಕಡೆಗಿತ್ತು, ನಾವು ಕಲ್ಲಿನ ಕಡೆಗಿದ್ದೆವು.

ಈಗ ಇನ್ನೂ ಸ್ಪಷ್ಟವಾಗಿದೆ. ಹಳೆಯ ಕ್ರಿಮಿನಲ್ ಪ್ರಕ್ರಿಯೆಯ ಬದಲು 1-7-2024ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಜಾರಿಗೆ ಬಂದಿದೆ. ಅದರ 173ನೆಯ ಕಲಮಿನ ಪ್ರಕಾರ, ಅಪರಾಧ ಯಾವ ಹದ್ದಿಯಲ್ಲೇ ಆಗಿರಲಿ, ಠಾಣೆಯವರು ಫಿರ್ಯಾದಿ ತೆಗೆದುಕೊಳ್ಳಬೇಕು. ಇದಕ್ಕೆ ಝೀರೋ ಎಫ್.ಐ.ಆರ್. ಎನ್ನುತ್ತಾರೆ. ಸೊನ್ನೆ ನಂಬರು ಹಾಕಿ ಬರೆದುಕೊಂಡು, ಸಂಬಂಧಪಟ್ಟ ಠಾಣೆಗೆ ಅವರೇ ಕಳಿಸಬೇಕು. ಫೋನು, ಕಂಪ್ಯೂಟರ್ ಮೂಲಕವೂ ಸುದ್ದಿ ಕೊಡಬಹುದು, ಆದರೆ ಮೂರು ದಿನದಲ್ಲಿ ಹೋಗಿ ಸಹಿ ಮಾಡಬೇಕು. ಎಫ್.ಐ.ಆರ್. ಪ್ರತಿಯನ್ನು ಪುಕ್ಕಟೆ ಕೊಡಬೇಕು. ಠಾಣೆಯವರು ಒಲ್ಲೆನೆಂದರೆ ಎಸ್.ಪಿ.ಗೆ ಟಪಾಲಿನಲ್ಲಿ ಬರೆಯುವುದು, ಅಲ್ಲಿಯೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಕಡೆಗೆ ಹೋಗುವುದು. ಗಡಿ ಭಾಗದಲ್ಲಿ ಮಾಲು ತರುವ ಬಂಧುಗಳು ಈ 173 ಎಂಬ ಅಂಕಿಯನ್ನು ಅಂಗಡಿಯ ಗೋಡೆಯ ಮೇಲೆ ಬರೆದಿಟ್ಟರೂ ತಪ್ಪಿಲ್ಲ. ತುರ್ತಿಗೆ 112 ಎಂಬ ನಂಬರು ಎರಡೂ ರಾಜ್ಯಗಳಲ್ಲಿ ನಡೆಯುತ್ತದೆ.

ರಾಜ್ಯಕ್ಕೊಂದು ಪೋಲೀಸ್ ಇರುವಾಗ ಸಿ.ಬಿ.ಐ. ಎಲ್ಲಿಂದ ಬಂತು ಎಂದು ಕೇಳಬಹುದು. ಅದು 1963ರಲ್ಲಿ ಆದದ್ದು, ಅದರ ಬಲ ಮಾತ್ರ 1946ರ ದಿಲ್ಲಿ ಪೋಲೀಸ್ ಕಾಯ್ದೆಯೊಂದರಿಂದ ಬಂದದ್ದು. ರಾಜ್ಯದ ಒಪ್ಪಿಗೆಯಿಲ್ಲದೆ, ಇಲ್ಲವೆ ಕೋರ್ಟಿನ ಆಜ್ಞೆಯಿಲ್ಲದೆ ಅವರು ರಾಜ್ಯದೊಳಗೆ ತಪಾಸು ಮಾಡುವಂತಿಲ್ಲ. ಮಹಾರಾಷ್ಟ್ರ 2020ರಲ್ಲಿ ಈ ಒಪ್ಪಿಗೆ ಹಿಂತೆಗೆದುಕೊಂಡು 2022ರಲ್ಲಿ ತಿರುಗಿ ಕೊಟ್ಟಿತು. ಕರ್ನಾಟಕ 2024ರಲ್ಲಿ ಹಿಂತೆಗೆದುಕೊಂಡಿತು. ರಾಜಕೀಯದ ಮಾತು ನಮಗೆ ಬೇಡ.

ಇನ್ನು ತಂಗಿಯ ಪ್ರಶ್ನೆಗೆ ಬರೋಣ. ಪೋಲೀಸರಿಗೂ ಸೈನ್ಯಕ್ಕೂ ನಡುವೆ ಕೇಂದ್ರದ ಗೃಹ ಖಾತೆಯ ಕೈಕೆಳಗೆ ಕೆಲವು ದೊಡ್ಡ ಪಡೆಗಳಿವೆ. ಹಿಂದೆ ಇವುಗಳಿಗೆ ಅರೆಸೈನಿಕ ಪಡೆ ಎನ್ನುತ್ತಿದ್ದರು. 2011ರಿಂದ ಸರಕಾರ ಕೇಂದ್ರೀಯ ಸಶಸ್ತ್ರ ಪೋಲೀಸ್ ಪಡೆಗಳು ಎಂಬ ಹೆಸರನ್ನೇ ಬಳಸಲು ಹೇಳಿದೆ. ನಮ್ಮ ತಪ್ಪು ತಿಳಿವಳಿಕೆಗೆ ಕಾಯ್ದೆಯೂ ಸ್ವಲ್ಪ ಕಾರಣವೆನ್ನಬೇಕು. ಸಿ.ಐ.ಎಸ್.ಎಫ್. ಕಾಯ್ದೆಯಲ್ಲಿಯೇ ಅದನ್ನು ಒಕ್ಕೂಟದ ಸಶಸ್ತ್ರ ಪಡೆ ಎಂದು ಬರೆದಿದ್ದಾರೆ. ಆದರೆ ಸೈನ್ಯ ಇರುವುದು ರಕ್ಷಣಾ ಖಾತೆಯಲ್ಲಿ, ಇವರು ಇರುವುದು ಗೃಹ ಖಾತೆಯಲ್ಲಿ. ಒಂದೇ ಮನೆಯ ಅಣ್ಣತಮ್ಮಂದಿರು ಬೇರೆ ಬೇರೆ ಅಂಗಡಿ ಹಾಕಿದ ಹಾಗೆ.

ಇವುಗಳಲ್ಲಿ ಸಿ.ಆರ್.ಪಿ.ಎಫ್. ಎಲ್ಲಕ್ಕಿಂತ ದೊಡ್ಡದು, ಮೂರು ಲಕ್ಷಕ್ಕೂ ಮೇಲೆ ಜನ. ಇಂಗ್ಲೀಷರ ಕಾಲದಲ್ಲಿ 1939ರಲ್ಲಿ ಮಧ್ಯ ಭಾರತದ ನೀಮಚದಲ್ಲಿ ಹುಟ್ಟಿತು, 1949ರಲ್ಲಿ ಈಗಿನ ಹೆಸರಾಯಿತು. ರಾಜ್ಯಗಳು ಕೇಳಿದಾಗ ಗಲಭೆ, ಚುನಾವಣೆ, ನಕ್ಸಲರ ಕಾಡಿಗೆ ಇವರೇ ಹೋಗಬೇಕು. ಬಿ.ಎಸ್.ಎಫ್. ಆದದ್ದು 1965ರ ಡಿಸೆಂಬರದಲ್ಲಿ. ಅದಕ್ಕೂ ಮೊದಲು ಪಾಕಿಸ್ತಾನದ ಗಡಿಯನ್ನು ಆಯಾ ರಾಜ್ಯದ ಪೋಲೀಸರೇ ಕಾಯುತ್ತಿದ್ದರೆಂದರೆ ನಂಬುವುದು ಕಷ್ಟ. ಆ ವರ್ಷ ಕಚ್ಛದಲ್ಲಿ ದಾಳಿಯಾದಾಗ ಅದು ಸಾಲದೆಂದು ಗೊತ್ತಾಯಿತು. ಚೀನದ ಗಡಿಗೆ 1962ರಲ್ಲಿ ಐ.ಟಿ.ಬಿ.ಪಿ., ನೇಪಾಳ ಮತ್ತು ಭೂತಾನದ ಗಡಿಗೆ ಎಸ್.ಎಸ್.ಬಿ. 1835ರಷ್ಟು ಹಳೆಯದಾದ ಆಸಾಮ್ ರೈಫಲ್ಸಿನದು ವಿಚಿತ್ರ ಸಂಸಾರ: ಆಡಳಿತ ಗೃಹ ಖಾತೆಯದು, ಕಾರ್ಯಾಚರಣೆಯ ಹುಕುಮು ಸೈನ್ಯದ್ದು.

ಹುಡುಗನ ಸಿ.ಐ.ಎಸ್.ಎಫ್. 1969ರಲ್ಲಿ ಆರಂಭವಾಯಿತು. ಮೊದಲು ಸರಕಾರಿ ಕಾರಖಾನೆಗಳನ್ನು ಕಾಯುವುದಷ್ಟೇ ಅದರ ಕೆಲಸ, ಆದ್ದರಿಂದಲೇ ಔದ್ಯೋಗಿಕ ಎಂಬ ಹೆಸರು. 1999ರ ಡಿಸೆಂಬರದಲ್ಲಿ ನಮ್ಮ ವಿಮಾನವನ್ನು ಕಂದಹಾರಕ್ಕೆ ಅಪಹರಿಸಿದ ಮೇಲೆ, 2000ದಿಂದ ವಿಮಾನ ನಿಲ್ದಾಣಗಳನ್ನೂ ಇವರಿಗೆ ಒಪ್ಪಿಸುತ್ತ ಬಂದರು. ದಿಲ್ಲಿಯ ಮೆಟ್ರೋ, ಕಾರವಾರದ ಹತ್ತಿರದ ಕೈಗಾ ಅಣು ವಿದ್ಯುತ್ ಕೇಂದ್ರ ಇವೂ ಇವರ ಕಾವಲಿನಲ್ಲಿವೆ.

ಈ ಎಲ್ಲ ಕವಲುಗಳು ಒಂದೇ ಕಡೆ ಕೂಡಿದ್ದನ್ನು ದೇಶ ನೋಡಿದ್ದು 2008ರ ನವೆಂಬರ್ 26ರ ರಾತ್ರಿ, ಮುಂಬಯಿಯಲ್ಲಿ. ಆ ದಿನ ನಾವು ಟಿ.ವ್ಹಿ. ಮುಂದಿನಿಂದ ಏಳಲಿಲ್ಲ, ಆದರೆ ಯಾರು ಯಾವ ಪಡೆಯವರೆಂದು ಆಗ ತಿಳಿದಿರಲಿಲ್ಲ. ಮೊದಲು ಎದುರಾದವರು ರಾಜ್ಯದ ಪೋಲೀಸರು, ಕೆಲವರ ಕೈಯಲ್ಲಿ ಲಾಠಿ ಮಾತ್ರ. ಸಾತಾರಾ ಜಿಲ್ಲೆಯ ತುಕಾರಾಮ ಓಂಬಳೆಯವರು ಸಹಾಯಕ ಫೌಜದಾರರು. ಗಿರಗಾಂವ ಚೌಪಾಟಿಯಲ್ಲಿ ಗುಂಡು ಹಾರುತ್ತಿದ್ದ ಬಂದೂಕನ್ನೇ ಕೈಯಲ್ಲಿ ಹಿಡಿದುಕೊಂಡು ಪ್ರಾಣ ಕೊಟ್ಟರು. ಅದರಿಂದಲೇ ಕಸಾಬ ಜೀವಂತ ಸಿಕ್ಕ. ಆಮೇಲೆ ಬಂದವರು ನೌಕಾದಳದ ಕಮಾಂಡೋಗಳು, ಅವರು ರಕ್ಷಣಾ ಖಾತೆಯವರು. ಕೊನೆಗೆ ದಿಲ್ಲಿಯ ಹತ್ತಿರದ ಮಾನೇಸರದಿಂದ ವಿಮಾನದಲ್ಲಿ ಎನ್.ಎಸ್.ಜಿ. ಬಂತು. ಅದು 1984ರಲ್ಲಿ ಆದ ಪಡೆ, ಗೃಹ ಖಾತೆಯದು. ಆದರೆ ಅದರ ಮುಂಚೂಣಿಯ ಜವಾನರು ಸೈನ್ಯದಿಂದ ಎರವಲು ಬಂದವರು. ತಾಜ್ ಹೋಟೆಲಿನಲ್ಲಿ ಮಡಿದ ಬೆಂಗಳೂರಿನ ಮನೆತನದ ಮೇಜರ್ ಸಂದೀಪ ಉನ್ನಿಕೃಷ್ಣನ್ ಮೂಲತಃ ಸೈನ್ಯದ ಬಿಹಾರ ರೆಜಿಮೆಂಟಿನವರು. ಇಬ್ಬರಿಗೂ 2009ರಲ್ಲಿ ಮರಣೋತ್ತರ ಅಶೋಕ ಚಕ್ರ ಬಂತು. ಎನ್.ಎಸ್.ಜಿ. ತಲುಪುವುದು ತಡವಾಯಿತೆಂದು ದೊಡ್ಡ ಟೀಕೆಯಾಗಿ, ಮುಂದಿನ ವರ್ಷ ಮುಂಬಯಿ, ಚೆನ್ನೈ, ಹೈದರಾಬಾದ, ಕೋಲ್ಕತಾಗಳಲ್ಲಿ ಅದರ ಠಾಣ್ಯಗಳನ್ನು ತೆರೆದರು. ಇಂಥ ಪ್ರಕರಣಗಳ ತಪಾಸಿಗೆ ಎನ್.ಐ.ಎ. ಎಂಬ ಹೊಸ ಸಂಸ್ಥೆ ಆದದ್ದೂ ಆ ದಾಳಿಯ ನಂತರವೇ.

ನಮ್ಮ ಜಿಲ್ಲೆಗೆ ಇಂಥ ದಂಡು ಬಂದದ್ದು 2019ರ ಆಗಸ್ಟಿನಲ್ಲಿ, ಕೃಷ್ಣೆ ಸಾಂಗಲಿಯನ್ನು ಮುಳುಗಿಸಿದಾಗ. ನಾವು ಮಾಡಗ್ಯಾಳದವರು ಹನಿ ನೀರಿಗೆ ಬಾಯಿ ಬಿಡುವವರು, ಅದೇ ಜಿಲ್ಲೆಯ ಬ್ರಹ್ಮನಾಳದಲ್ಲಿ ದೋಣಿ ಮುಳುಗಿ ಜನ ಸತ್ತರು. ಆಗ ಬಂದ ಎನ್.ಡಿ.ಆರ್.ಎಫ್. 2006ರಲ್ಲಿ ಆದದ್ದು, ಅದರ ಜವಾನರೂ ಸಿ.ಆರ್.ಪಿ.ಎಫ್., ಬಿ.ಎಸ್.ಎಫ್.ಗಳಿಂದಲೇ ಬರುತ್ತಾರೆ. ಭೂಸೇನೆ, ನೌಕಾದಳಗಳೂ ದೋಣಿ ತಂದವು.

ಸೈನ್ಯ ತಾನಾಗಿ ಊರೊಳಗೆ ಬರುವಂತಿಲ್ಲ ಎಂಬುದು ನಮಗೆ ಬಹಳ ಹಿಡಿಸಿದ ಸಂಗತಿ. ಪ್ರವಾಹವಿರಲಿ ದಂಗೆಯಿರಲಿ, ನಾಗರಿಕ ಆಡಳಿತ ಕೇಳಬೇಕು. ಗುಂಪು ಚದುರಿಸಲು ಪೋಲೀಸರಿಂದ ಆಗದಿದ್ದರೆ ಮ್ಯಾಜಿಸ್ಟ್ರೇಟರು ಸೈನ್ಯದ ಅಧಿಕಾರಿಗೆ ಹೇಳಬಹುದು. ಆ ಅಧಿಕಾರಿಯೂ ಸಾಧ್ಯವಾದಷ್ಟು ಕಡಿಮೆ ಬಲ ಬಳಸಬೇಕೆಂದು ಕಾಯ್ದೆಯಲ್ಲಿ ಬರೆದಿದೆ. ನೆರೆಯ ಕೆಲವು ದೇಶಗಳಲ್ಲಿ ಸೇನಾಪತಿಗಳೇ ಗಾದಿ ಏರಿದ್ದನ್ನು ನೋಡಿದರೆ, ಈ ಒಂದು ಕಾಗದದ ಬೆಲೆ ತಿಳಿಯುತ್ತದೆ.

ಸೈನ್ಯದ ರಚನೆಯನ್ನು ಸುಭೇದಾರರು ನಮಗೆ ಬೆರಳು ಎಣಿಸಿ ಹೇಳಿದರು. ಹತ್ತು ಜನರ ಸೆಕ್ಷನ್, ಮೂರು ಸೆಕ್ಷನ್ ಸೇರಿ ಪ್ಲಟೂನ್, ನೂರಿಪ್ಪತ್ತರಷ್ಟು ಜನರ ಕಂಪನಿ, ಎಂಟುನೂರರ ಆಸುಪಾಸಿನ ಪಲ್ಟನ್, ಅದರ ಮೇಲೆ ಬ್ರಿಗೇಡು, ಡಿವಿಜನ್, ಕೋರ್, ಎಲ್ಲಕ್ಕೂ ಮೇಲೆ ಕಮಾಂಡ್. ಭೂಸೇನೆಗೆ ಒಟ್ಟು ಏಳು ಕಮಾಂಡ್‌ಗಳು, ನಮ್ಮದು ಪುಣೆಯಲ್ಲಿರುವ ದಕ್ಷಿಣ ಕಮಾಂಡ್. ನೌಕಾದಳಕ್ಕೆ ಮುಂಬಯಿ, ವಿಶಾಖಪಟ್ಟಣ, ಕೊಚ್ಚಿಯಲ್ಲಿ ಮೂರು. ಕರ್ನಾಟಕದ ಕಾರವಾರದ ನೌಕಾನೆಲೆ 2005ರಲ್ಲಿ ಶುರುವಾಯಿತು. ವಾಯುಸೇನೆಯ ತರಬೇತಿ ಕಮಾಂಡ್ ಬೆಂಗಳೂರಿನಲ್ಲಿದೆ. ಮೂರೂ ದಳಗಳ ಮೇಲೆ ಸರ್ವೋಚ್ಚ ಅಧಿಕಾರ ರಾಷ್ಟ್ರಪತಿಯವರದು. ಮೂವರು ಮುಖ್ಯಸ್ಥರ ನಡುವೆ ಹೊಂದಾಣಿಕೆಗೆಂದು ಸಿ.ಡಿ.ಎಸ್. ಎಂಬ ಹುದ್ದೆ ಆರಂಭವಾದದ್ದು 1-1-2020ರಂದು. 1949ರ ಜನೆವರಿ 15ರಂದು ಇಂಗ್ಲೀಷ ಜನರಲ್‌ನಿಂದ ಸೇನೆಯ ಅಧಿಕಾರ ತೆಗೆದುಕೊಂಡ ಮೊದಲ ಭಾರತೀಯ ನಮ್ಮ ಕೊಡಗಿನ ಕಾರ್ಯಪ್ಪನವರು.

ನಮ್ಮ ಸೀಮೆಯ ಹುಡುಗರು ಸೈನ್ಯಕ್ಕೆಂದರೆ ಬೆಳಗಾವಿಯ ಮರಾಠಾ ಲೈಟ್ ಇನ್‌ಫಂಟ್ರಿಯ ದಾರಿ ಹಿಡಿಯುತ್ತಾರೆ. 1768ರಿಂದ ನಡೆದು ಬಂದ ಪಲ್ಟನ್ ಅದು. 2022ರಿಂದ ಅಗ್ನಿವೀರರೆಂದು ನಾಲ್ಕು ವರ್ಷಕ್ಕೆ ತೆಗೆದುಕೊಂಡು, ಅವರಲ್ಲಿ ಶೇಕಡಾ 25ರಷ್ಟು ಜನರನ್ನು ಮಾತ್ರ ಮುಂದುವರಿಸುವ ಪದ್ಧತಿ ಬಂದಿದೆ. ಕೇಂದ್ರ ಪೋಲೀಸ್ ಪಡೆಗಳ ನೌಕರಿ ಹಾಗಲ್ಲ, ಅದು ಕಾಯಂ. ಆದರೆ 1-1-2004ರ ನಂತರ ಸೇರಿದವರಿಗೆ ಹಳೆಯ ಪೆನ್ಶನ್ ಇಲ್ಲ, ಆ ದಾವೆ ಸುಪ್ರೀಂ ಕೋರ್ಟಿನವರೆಗೆ ಹೋಗಿದೆ. ಇದನ್ನು ಹುಡುಗರ ತಂದೆ-ತಾಯಿಗಳು ಮೊದಲೇ ತಿಳಿದಿರಬೇಕು. ಇನ್ನೊಂದು ಸಂತೋಷದ ಸುದ್ದಿಯೂ ಇದೆ. ಈ ಪಡೆಗಳ ಕಾನಸ್ಟೇಬಲ್ ಪರೀಕ್ಷೆ ಮೊದಲು ಹಿಂದಿ, ಇಂಗ್ಲೀಷಿನಲ್ಲಿ ಮಾತ್ರ ಇತ್ತು. 2024ರಿಂದ ಇತರ 13 ಭಾಷೆಗಳಲ್ಲೂ ಬರೆಯಬಹುದು, ಅವುಗಳಲ್ಲಿ ಕನ್ನಡವೂ ಇದೆ. ಜತ್ತ ತಾಲೂಕಿನ ಕನ್ನಡ ಶಾಲೆಯ ಮಕ್ಕಳಿಗೆ ಇದು ಸಣ್ಣ ಅನುಕೂಲವಲ್ಲ. ತಂಗಿಯ ಮಗನೂ ಕನ್ನಡದಲ್ಲೇ ಬರೆದು ಪಾಸಾದವನು.

ಇಷ್ಟೆಲ್ಲ ತಿಳಿದುಕೊಂಡು ನಾವು ತಂಗಿಯ ಮನೆಗೆ ಹೋಗಿ ತಪ್ಪೊಪ್ಪಿಕೊಂಡೆವು. “ಇದು ಮಿಲಿಟರಿ ಅಲ್ಲವ್ವ, ಪೋಲೀಸ ಜಾತಿಯದು. ವಿಮಾನದ ನಿಲ್ದಾಣ, ಕಾರಖಾನೆ ಕಾಯೂದು” ಎಂದೆವು. ಆಕೆ ಒಂದು ಗಳಿಗೆ ಸುಮ್ಮನಿದ್ದು, “ಬಂದೂಕು ಇರ್ತೈತಿ ಹೌದಿಲ್ಲೋ?” ಎಂದು ಕೇಳಿದಳು. ಸುಳ್ಳು ಹೇಳಲಾಗಲಿಲ್ಲ, ಇರುತ್ತದೆ ಎಂದೆವು. ಅಹಿಂಸೆಯ ಮನೆತನದಲ್ಲಿ ಹುಟ್ಟಿ ಬಂದೂಕು ಹಿಡಿಯುವುದೇ ಎಂಬುದು ಆಕೆಯ ಒಳಗಿನ ಸಂಕಟವಾಗಿತ್ತು. ಸಾವಿನ ಹೆದರಿಕೆ ಆಮೇಲಿನದು. ಶ್ರವಣಬೆಳಗೊಳದಲ್ಲಿ ಬಾಹುಬಲಿಯನ್ನು ನಿಲ್ಲಿಸಿದ ಚಾವುಂಡರಾಯ ಗಂಗರ ಸೇನಾಪತಿಯಾಗಿದ್ದನೆಂದು ನೆನಪಿಸಿದೆವು. ಗೃಹಸ್ಥನಿಗೆ ಬೇಕೆಂದು ಮಾಡುವ ಹಿಂಸೆ ನಿಷಿದ್ಧ, ಎದುರು ಬಂದದ್ದನ್ನು ತಡೆಯುವ ವಿರೋಧೀ ಹಿಂಸೆಯನ್ನು ನಮ್ಮ ಶಾಸ್ತ್ರಕಾರರೇ ಬೇರೆಯಾಗಿ ಎಣಿಸಿದ್ದಾರೆ ಎಂದೂ ಹೇಳಿದೆವು. ಆಕೆ ಒಪ್ಪಿದಳೋ ಇಲ್ಲವೋ ಗೊತ್ತಿಲ್ಲ. ಮರುವಾರ ಮಗನ ಟ್ರಂಕಿಗೆ ಬೀಗ ತಂದಳು.

ಹುಡುಗ ಈಗ ತಮಿಳುನಾಡಿನ ಅರಕ್ಕೋಣಂನಲ್ಲಿ ತರಬೇತಿಯಲ್ಲಿದ್ದಾನೆ. ಆದಿತ್ಯವಾರ ಫೋನು ಬರುತ್ತದೆ. ಪರೇಡಿನ ಸುದ್ದಿ, ರೈಫಲಿನ ಸುದ್ದಿ ಅವನು ನಮಗೆ ಹೇಳುತ್ತಾನೆ. ತಾಯಿ ಕೇಳುವುದು, ಹೊತ್ತು ಮುಳುಗುವ ಮೊದಲು ಊಟ ಸಿಕ್ಕಿತೋ ಇಲ್ಲವೋ ಎಂದು. ಕೆಲವು ದಿನ ಸಿಗುತ್ತದಂತೆ.